ನ್ಯೂಪೋರ್ಟಿನ ಆ ರಾತ್ರಿ, ಈ ಬಾರಿ ಪೂರ್ತಿಯಾಗಿ: ಡ್ಯೂಕ್ ಎಲಿಂಗ್ಟನ್ ಜೋಡಿ ಸಿಡಿಯ ವಿಮರ್ಶೆ

ಅಮೆರಿಕದ ಜಾಝ್ ತಂಡನಾಯಕ ಡ್ಯೂಕ್ ಎಲಿಂಗ್ಟನ್ ಅವರ ‘ಎಲಿಂಗ್ಟನ್ ಅಟ್ ನ್ಯೂಪೋರ್ಟ್’ ಧ್ವನಿಮುದ್ರಿಕೆಯನ್ನು ನಾನು ಮೊದಲು ಕೇಳಿದ್ದು ಗೆಳೆಯರೊಬ್ಬರು ಎಲ್‌ಪಿಯಿಂದ ಇಳಿಸಿಕೊಟ್ಟ ಕ್ಯಾಸೆಟ್ಟಿನಲ್ಲಿ. ಅದರಲ್ಲಿ ಕೇಳುವ ಚಪ್ಪಾಳೆ, ಕೂಗಾಟಗಳೆಲ್ಲವೂ 1956ರ ಜುಲೈ 7ರ ರಾತ್ರಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟಿನ ಜಾಝ್ ಉತ್ಸವದಲ್ಲಿ ನೆರೆದಿದ್ದ ಜನರದೇ ಎಂದು ವರ್ಷಗಟ್ಟಲೆ ನಂಬಿದ್ದೆ. 1999ರಲ್ಲಿ ಕೊಲಂಬಿಯ–ಲೆಗಸಿ ಕಂಪನಿ ಹೊರತಂದ ಎರಡು ಸಿಡಿಗಳ ಸಂಪೂರ್ಣ ಆವೃತ್ತಿಯನ್ನು ಈಚೆಗೆ ಕೊಂಡು ಕೇಳಿದ ಮೇಲೆ ಆ ನಂಬಿಕೆಯ ಅರ್ಧಭಾಗ ಸುಳ್ಳೆಂದು ತಿಳಿಯಿತು. ಉಳಿದರ್ಧವೋ ನಾನು ಎಣಿಸಿದ್ದಕ್ಕಿಂತ ಎಷ್ಟೋ ದೊಡ್ಡ ನಿಜವಾಗಿತ್ತು. ಹಳೆಯ ಸಿಡಿ ಮಾರುವವರೊಬ್ಬರಿಂದ ಅಂಚೆಯಲ್ಲಿ ತರಿಸಿಕೊಂಡ ನನ್ನ ಪ್ರತಿಯ ಡಬ್ಬಿಯ ಮುಚ್ಚಳ ದಾರಿಯಲ್ಲೇ ಮುರಿದಿತ್ತು. ತಟ್ಟೆಗಳಿಗೆ ಗೀರೂ ಬಿದ್ದಿರಲಿಲ್ಲವಾದ್ದರಿಂದ ಆ ತಕರಾರನ್ನು ಇಲ್ಲಿಗೇ ಬಿಡುತ್ತೇನೆ.

ಜಾಝ್ ಬಿಗ್ ಬ್ಯಾಂಡಿನ ನಾಯಕನೆಂದರೆ ಯಾರು, ಅವನ ಕೆಲಸವೇನು ಎಂಬುದನ್ನು ತಿಳಿಯಬಯಸುವವರಿಗೆ ಜೀವನಚರಿತ್ರೆಗಿಂತ ಮೊದಲು ಈ ಎರಡು ತಟ್ಟೆಗಳನ್ನು ಕೊಡಬೇಕೆಂಬುದು ನನ್ನ ಅಭಿಪ್ರಾಯ. ಹದಿನೈದು ಮಂದಿ ವಾದಕರನ್ನು ಎದುರಿಗೆ ಕೂರಿಸಿಕೊಂಡು ಕೋಲು ಆಡಿಸುವುದಷ್ಟೇ ನಾಯಕತ್ವವಲ್ಲ. ಯಾರನ್ನು ಯಾವಾಗ ಮುಂದಕ್ಕೆ ಕರೆಯಬೇಕು, ಯಾರನ್ನು ಎಷ್ಟು ಹೊತ್ತು ತಡೆಯದೆ ಬಿಡಬೇಕು, ಕೆರಳಿದ ಸಭೆಯನ್ನು ಹೇಗೆ ತಣಿಸಬೇಕು ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ಸ್ಟುಡಿಯೋದಲ್ಲಿ ಮುದ್ರಿಸಿದ ಮೂರು ನಿಮಿಷದ ತಟ್ಟೆಗಳಲ್ಲಿ ಈ ಕೆಲಸ ಕಾಣುವುದಿಲ್ಲ, ಅದರ ಫಲ ಮಾತ್ರ ಕೇಳಿಸುತ್ತದೆ. ಈ ಆವೃತ್ತಿಯಲ್ಲಿ ಕೆಲಸವೇ ಕೇಳಿಸುತ್ತದೆ. ಯಕ್ಷಗಾನದಲ್ಲಿ ಭಾಗವತರ ಕಣ್ಣು ವೇಷಧಾರಿಯ ಕಾಲಿನ ಮೇಲೆ ಹೇಗೆ ನೆಟ್ಟಿರುತ್ತದೆಂಬುದನ್ನು ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಆ ರಾತ್ರಿಯ ತೂಕ ತಿಳಿಯಬೇಕಾದರೆ ಅದಕ್ಕೆ ಮುಂಚಿನ ಮೂರು ದಶಕಗಳನ್ನು ಸ್ವಲ್ಪ ನೋಡಬೇಕು. ಎಡ್ವರ್ಡ್ ಕೆನಡಿ ಎಲಿಂಗ್ಟನ್ ಹುಟ್ಟಿದ್ದು 1899ರ ಏಪ್ರಿಲ್ 29ರಂದು, ವಾಷಿಂಗ್ಟನ್ ನಗರದಲ್ಲಿ. ಚಿಕ್ಕಂದಿನಲ್ಲೇ ನಡೆನುಡಿ, ಉಡುಪಿನ ಠೀವಿಗೆ ಗೆಳೆಯರಿಂದ ‘ಡ್ಯೂಕ್’ ಎಂಬ ಅಡ್ಡಹೆಸರು ಬಂತು, ಕೊನೆಯವರೆಗೂ ಅದೇ ಉಳಿಯಿತು. 1923ರಲ್ಲಿ ನ್ಯೂಯಾರ್ಕಿಗೆ ಹೋಗಿ, ಮರುವರ್ಷ ‘ವಾಷಿಂಗ್ಟೋನಿಯನ್ಸ್’ ಎಂಬ ಸಣ್ಣ ತಂಡದ ಮುಂದಾಳಾದರು. 1927ರ ಡಿಸೆಂಬರಿನಲ್ಲಿ ಹಾರ್ಲೆಮ್ಮಿನ ಕಾಟನ್ ಕ್ಲಬ್ಬಿನಲ್ಲಿ ನೆಲೆಸಿದರು. ವೇದಿಕೆಯ ಮೇಲೆ ಕಪ್ಪು ಕಲಾವಿದರು, ಮೇಜುಗಳಲ್ಲಿ ಬಿಳಿಯ ಗಿರಾಕಿಗಳು ಮಾತ್ರ: ಇದು ಆ ಕ್ಲಬ್ಬಿನ ಕಟ್ಟಳೆಯಾಗಿತ್ತು. ಅಲ್ಲಿಂದ ರೇಡಿಯೋದಲ್ಲಿ ಬಿತ್ತರವಾದ ಸಂಗೀತ ದೇಶದುದ್ದಕ್ಕೂ ಅವರ ಹೆಸರನ್ನು ಹರಡಿತು. ಬಬ್ಬರ್ ಮೈಲಿ ಅವರ ಗುರುಗುಡುವ ಟ್ರಂಪೆಟ್ಟು, ಟ್ರಿಕಿ ಸ್ಯಾಮ್ ನ್ಯಾಂಟನ್ ಅವರ ಟ್ರಾಂಬೋನಿನ ಬಾಯಿಗೆ ರಬ್ಬರ್ ಬಟ್ಟಲು ಹಿಡಿದು ಹೊರಡಿಸುತ್ತಿದ್ದ, ಮನುಷ್ಯ ಮಾತಾಡಿದಂಥ ದನಿ — ಇಂಥವನ್ನೆಲ್ಲ ಎಲಿಂಗ್ಟನ್ ಬಣ್ಣಗಳಂತೆ ಕಲಸಿದರು. ‘ಎರಡನೆಯ ಟ್ರಂಪೆಟ್’ ಎಂಬ ಜಾಗಕ್ಕೆ ಬರೆಯದೆ, ಆ ಜಾಗದಲ್ಲಿ ಕೂತ ವ್ಯಕ್ತಿಗೆ ಬರೆಯುವುದು ಅವರ ಪದ್ಧತಿಯಾಗಿತ್ತು. ಆದ್ದರಿಂದಲೇ ವಾದಕನೊಬ್ಬ ಬಿಟ್ಟುಹೋದರೆ ಆ ತಂಡದ ದನಿಯೇ ಬೇರೆಯಾಗುತ್ತಿತ್ತು.

ಜನರನ್ನು ಬಿಡದೆ ಇಟ್ಟುಕೊಳ್ಳುವುದು ಅವರ ಕಲೆಯಲ್ಲಿ ಒಂದು ಪಾಲು. ಬ್ಯಾರಿಟೋನ್ ಸ್ಯಾಕ್ಸೋಫೋನಿನ ಹ್ಯಾರಿ ಕಾರ್ನಿ 1927ರಲ್ಲಿ ಸೇರಿ 1974ರವರೆಗೆ ಅಲ್ಲಿಯೇ ಇದ್ದರು. ಒಂದೂರಿನಿಂದ ಇನ್ನೊಂದೂರಿಗೆ ಹೋಗುವಾಗ ಎಲಿಂಗ್ಟನ್ ಅವರನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಓಡಿಸುತ್ತಿದ್ದವರೂ ಅವರೇ. 1930ರ ದಶಕದಲ್ಲಿ ದಕ್ಷಿಣದ ರಾಜ್ಯಗಳಿಗೆ ಹೋಗುವಾಗ, ಕಪ್ಪು ಜನರಿಗೆ ಹೋಟೆಲಿನಲ್ಲಿ ಕೋಣೆ ಸಿಗದೆಂಬ ಕಾರಣಕ್ಕೆ ತಂಡಕ್ಕಾಗಿಯೇ ರೈಲಿನ ಪುಲ್‌ಮನ್ ಬೋಗಿಗಳನ್ನು ಗೊತ್ತುಮಾಡಿ, ಅದರಲ್ಲೇ ಉಂಡು ಮಲಗಿ ಊರೂರು ಸುತ್ತಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ದೊಡ್ಡ ತಂಡಗಳು ಒಂದೊಂದಾಗಿ ಬಾಗಿಲು ಹಾಕಿದಾಗಲೂ ಅವರು ಹಾಕಲಿಲ್ಲ. ತಾವು ಬರೆದ ಹಾಡುಗಳಿಂದ ಬರುತ್ತಿದ್ದ ರಾಯಲ್ಟಿಯನ್ನು ತಂಡದ ಸಂಬಳಕ್ಕೆ ಸುರಿದರು. ಬರೆದದ್ದನ್ನು ಮರುದಿನವೇ ಕಿವಿಯಾರೆ ಕೇಳುವುದಕ್ಕೆ ಅವರು ತೆತ್ತ ಬೆಲೆ ಅದು.

ಆದರೂ 1951ರಲ್ಲಿ ದೊಡ್ಡ ಪೆಟ್ಟು ಬಿತ್ತು. ಆಲ್ಟೋ ಸ್ಯಾಕ್ಸೋಫೋನಿನ ಜಾನಿ ಹಾಜಸ್, ಟ್ರಾಂಬೋನಿನ ಲಾರೆನ್ಸ್ ಬ್ರೌನ್, ಮೊದಲಿನಿಂದಲೂ ಜೊತೆಗಿದ್ದ ಡ್ರಮ್ಮಿನ ಸನ್ನಿ ಗ್ರೀರ್ ಒಟ್ಟಿಗೇ ಹೊರಟುಹೋದರು. ಹಾಜಸ್ ಮರಳಿ ಬಂದದ್ದು 1955ರಲ್ಲಿ. ಅದೇ ಬೇಸಿಗೆಯಲ್ಲಿ ಈ ತಂಡ ನ್ಯೂಯಾರ್ಕಿನ ಫ್ಲಶಿಂಗಿನಲ್ಲಿ ನಡೆದ ‘ಅಕ್ವಕೇಡ್ಸ್’ ಎಂಬ ಜಲಕ್ರೀಡೆಯ ಪ್ರದರ್ಶನಕ್ಕೆ ಹಿಮ್ಮೇಳ ನುಡಿಸುತ್ತಿತ್ತು. 1943ರಲ್ಲಿ ಕಾರ್ನೆಗಿ ಹಾಲಿನಲ್ಲಿ ‘ಬ್ಲ್ಯಾಕ್, ಬ್ರೌನ್ ಆ್ಯಂಡ್ ಬೇಜ್’ ಎಂಬ ದೀರ್ಘ ಕೃತಿಯ ಮೂಲಕ ತಮ್ಮ ಜನರ ಚರಿತ್ರೆಯನ್ನೇ ನುಡಿಸಿದ್ದ ಮನುಷ್ಯ, ಈಜುವವರ ಆಟಕ್ಕೆ ವಾದ್ಯ ಒದಗಿಸುತ್ತಿದ್ದರು. ನ್ಯೂಪೋರ್ಟಿಗೆ ಬಂದಾಗ ಅವರಿಗೆ 57 ವರ್ಷ, ಅವರ ಕಾಲ ಮುಗಿಯಿತೆಂದು ಬರೆದವರು ಕೆಲವರಿದ್ದರು.

ಮೊದಲ ಸಿಡಿ ಆರಂಭವಾಗುವುದು ಮುಜುಗರದಿಂದ. ಫ್ರೀಬಾಡಿ ಪಾರ್ಕಿನ ವೇದಿಕೆಗೆ ತಂಡ ಹತ್ತಿದಾಗ ನಾಲ್ವರು ವಾದಕರು ಕಾಣೆಯಾಗಿದ್ದರು. ರಾಷ್ಟ್ರಗೀತೆ, ‘ಬ್ಲ್ಯಾಕ್ ಆ್ಯಂಡ್ ಟ್ಯಾನ್ ಫ್ಯಾಂಟಸಿ’, ‘ಟೀ ಫಾರ್ ಟೂ’ ನುಡಿಸಿ ಅವರು ಕೆಳಗಿಳಿದರು. ಆಮೇಲೆ ಇತರರ ಕಛೇರಿಗಳು ಮುಗಿಯುವವರೆಗೆ ಮೂರು ಗಂಟೆಗೂ ಹೆಚ್ಚು ಕಾಲ ಕಾಯಬೇಕಾಯಿತು. ಮತ್ತೆ ಹತ್ತಿದಾಗ ಮಧ್ಯರಾತ್ರಿ ಸಮೀಪಿಸಿತ್ತು, ಜನ ಎದ್ದು ಹೊರಡಲು ತೊಡಗಿದ್ದರು. ಹಳೆಯ ಎಲ್‌ಪಿಯಲ್ಲಿ ಇದಾವುದೂ ಇರಲಿಲ್ಲ. ಇಲ್ಲಿ ನಿರೂಪಕರಾದ ಪಾದ್ರಿ ನಾರ್ಮನ್ ಓಕಾನರ್ ಅವರ ಮಾತು, ಮುದುಡಿದ ಮೂರು ಹಾಡುಗಳು, ಆಮೇಲಿನ ತೆರವು ಎಲ್ಲವೂ ಕ್ರಮವಾಗಿ ಬರುತ್ತವೆ. ‘ಟೇಕ್ ದಿ ಎ ಟ್ರೇನ್’ ಶುರುವಾಗುವ ಹೊತ್ತಿಗೆ ಕೇಳುಗನಿಗೂ ತಂಡದವರಂತೆಯೇ ಸ್ವಲ್ಪ ಅಸಹನೆ ಹುಟ್ಟಿರುತ್ತದೆ. ಇದು ಬೇಕಾಗಿತ್ತು.

ಈ ಹಾಡನ್ನು ಬರೆದವರು ಬಿಲ್ಲಿ ಸ್ಟ್ರೇಹಾರ್ನ್. 1939ರಿಂದ 1967ರಲ್ಲಿ ತೀರಿಕೊಳ್ಳುವವರೆಗೆ ಅವರು ಎಲಿಂಗ್ಟನ್ ಜೊತೆಗಿದ್ದರು. ಹಲವು ಕೃತಿಗಳಲ್ಲಿ ಒಬ್ಬರ ಕೈ ಎಲ್ಲಿ ನಿಂತು ಇನ್ನೊಬ್ಬರ ಕೈ ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ. ಈ ಉತ್ಸವಕ್ಕೆಂದೇ ಇಬ್ಬರೂ ಸೇರಿ ಮೂರು ಭಾಗಗಳ ಒಂದು ಸ್ವೀಟ್ (ಬಿಡಿ ಭಾಗಗಳನ್ನು ಪೋಣಿಸಿದ ಕೃತಿ) ರಚಿಸಿದ್ದರು: ‘ಫೆಸ್ಟಿವಲ್ ಜಂಕ್ಷನ್’, ‘ಬ್ಲೂಸ್ ಟು ಬಿ ದೇರ್’, ‘ನ್ಯೂಪೋರ್ಟ್ ಅಪ್’. ಹೊಸ ಕೃತಿಯಾದ್ದರಿಂದ ಕೆಲವೆಡೆ ತಂಡ ತಡವರಿಸುತ್ತದೆ. ಎರಡನೆಯ ಭಾಗದಲ್ಲಿ ರಸೆಲ್ ಪ್ರೊಕೋಪ್ ಅವರ ಕ್ಲಾರಿನೆಟ್ಟು ಬಿಟ್ಟರೆ ನನಗೆ ಇಡೀ ಸ್ವೀಟ್ ಒಂದು ಸಂಭಾವಿತ ಕೆಲಸವೆನ್ನಿಸುತ್ತದೆಯೇ ಹೊರತು ದೊಡ್ಡದೆನ್ನಿಸುವುದಿಲ್ಲ.

ಎಲ್‌ಪಿಯ ಕಥೆ ತಿರುಗುವುದು ಇಲ್ಲಿಂದಲೇ. ನಿರ್ಮಾಪಕ ಜಾರ್ಜ್ ಅವಾಕಿಯನ್ ಅವರಿಗೂ ಎಲಿಂಗ್ಟನ್ ಅವರಿಗೂ ಸ್ವೀಟ್ ಮುದ್ರಿತವಾದ ರೀತಿ ತೃಪ್ತಿ ಕೊಡಲಿಲ್ಲ. ಜುಲೈ 9ರಂದು ತಂಡವನ್ನು ನ್ಯೂಯಾರ್ಕಿನ ಸ್ಟುಡಿಯೋಗೆ ಕರೆಸಿ ಹಲವು ಭಾಗಗಳನ್ನು ಮತ್ತೆ ನುಡಿಸಿದರು. ಬೇಕಾದಲ್ಲಿ ಜನರ ಗದ್ದಲವನ್ನು ಬೆರೆಸಿ ಅದನ್ನು ಕಛೇರಿಯಂತೆ ಕೇಳಿಸುವ ಹಾಗೆ ಮಾಡಿದರು. ಹೀಗೆ 1956ರ ಎಲ್‌ಪಿಯಲ್ಲಿ ನ್ಯೂಪೋರ್ಟಿನ ವೇದಿಕೆಯಿಂದ ಬಂದದ್ದು ಅರ್ಧಕ್ಕಿಂತ ಕಡಿಮೆ. ನನ್ನ ಕ್ಯಾಸೆಟ್ಟಿನ ‘ಜೀಪ್ಸ್ ಬ್ಲೂಸ್’ ಮುಗಿದಾಗ ಏಳುವ ಆ ಹರ್ಷೋದ್ಗಾರವನ್ನು ಎಷ್ಟೋ ಸಲ ರೋಮಾಂಚನಗೊಂಡು ಕೇಳಿದ್ದೇನೆ. ಅದು ಕತ್ತರಿ ಮತ್ತು ಅಂಟಿನ ಕೆಲಸವೆಂದು ಈಗ ತಿಳಿದು ಸ್ವಲ್ಪ ನಾಚಿಕೆಯಾಗುತ್ತದೆ.

ಸ್ಟುಡಿಯೋದಲ್ಲಿ ಮಾಡಲಾಗದಿದ್ದದ್ದು ಒಂದೇ ಒಂದು: ‘ಡಿಮಿನುಯೆಂಡೋ ಆ್ಯಂಡ್ ಕ್ರೆಶೆಂಡೋ ಇನ್ ಬ್ಲೂ’. 1937ರಲ್ಲಿ ಗ್ರಾಮಫೋನ್ ತಟ್ಟೆಯ ಎರಡು ಬದಿಗಳಿಗೆಂದು ಬರೆದಿದ್ದ ಈ ಬ್ಲೂಸ್‌ನಲ್ಲಿ ಮೊದಲ ಬದಿ ಜೋರಾಗಿ ಹೊರಟು ಇಳಿಯುತ್ತದೆ, ಎರಡನೆಯದು ಮೆಲ್ಲಗೆ ಹೊರಟು ಏರುತ್ತದೆ. ನಡುವಿನ ತೆರಪನ್ನು ಟೆನರ್ ಸ್ಯಾಕ್ಸೋಫೋನಿನ ಪಾಲ್ ಗೊನ್ಸಾಲ್ವೆಸ್ ತುಂಬಬೇಕು; ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನುಡಿಸು ಎಂದು ಎಲಿಂಗ್ಟನ್ ಅವರಿಗೆ ಹೇಳಿದ್ದರು. ಆದರೆ ಗೊನ್ಸಾಲ್ವೆಸ್ ಹೋಗಿ ನಿಂತದ್ದು ಕೊಲಂಬಿಯದ ಮೈಕಿನ ಎದುರಿಗಲ್ಲ. ಪಕ್ಕದಲ್ಲಿ ‘ವಾಯ್ಸ್ ಆಫ್ ಅಮೆರಿಕ’ ಬಾನುಲಿಯವರು ತಮ್ಮ ಪ್ರಸಾರಕ್ಕಾಗಿ ಇಟ್ಟಿದ್ದ ಮೈಕಿಗೆ ಅವರು ಊದಿದರು. ಹೀಗಾಗಿ ಎಲ್‌ಪಿಯಲ್ಲಿ ಜಾಝ್ ಚರಿತ್ರೆಯ ಅತ್ಯಂತ ಹೆಸರಾದ ಸೋಲೋ (ಒಬ್ಬರೇ ಮುಂದೆ ನಿಂತು ನುಡಿಸುವ ಭಾಗ) ಪಕ್ಕದ ಮನೆಯಿಂದ ಬಂದಂತೆ ದೂರದಿಂದ ಕೇಳಿಸುತ್ತಿತ್ತು. 1990ರ ದಶಕದಲ್ಲಿ ಆ ಬಾನುಲಿಯ ಟೇಪು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿತು. ಈ ಆವೃತ್ತಿಯನ್ನು ಸಿದ್ಧಪಡಿಸಿದ ಫಿಲ್ ಶಾಪ್ ಅವರು ಎರಡು ಮೋನೋ ಟೇಪುಗಳನ್ನು ತಾಳ ತಪ್ಪದಂತೆ ಹೊಂದಿಸಿ, ಒಂದನ್ನು ಒಂದು ಕಿವಿಗೂ ಇನ್ನೊಂದನ್ನು ಇನ್ನೊಂದು ಕಿವಿಗೂ ಇಟ್ಟು ಸ್ಟೀರಿಯೋ ಮಾಡಿದ್ದಾರೆ. 43 ವರ್ಷಗಳ ಬಳಿಕ ಗೊನ್ಸಾಲ್ವೆಸ್ ಕೊಠಡಿಯೊಳಕ್ಕೆ ಬಂದು ನಿಂತಿದ್ದಾರೆ.

ಈ ಸುಮಾರು ಹದಿನಾಲ್ಕು ನಿಮಿಷಗಳ ಬಗ್ಗೆ ನಿಧಾನವಾಗಿ ಹೇಳಬೇಕು. ಬ್ಲೂಸ್‌ನ ಒಂದು ಸುತ್ತಿಗೆ ಹನ್ನೆರಡು ಬಾರ್‌ಗಳು, ಅಂದರೆ ತಾಳದ ಹನ್ನೆರಡು ಸಮ ತುಂಡುಗಳು. ಅದನ್ನು ನಮ್ಮ ಆವರ್ತನದಂತೆ ಎಣಿಸುತ್ತ ಹೋಗಬಹುದು. ಗೊನ್ಸಾಲ್ವೆಸ್ ನುಡಿಸಿದ್ದು 27 ಸುತ್ತು, ಅಂದರೆ ಆರು ನಿಮಿಷಕ್ಕೂ ಮೀರಿ ಉಸಿರಿನ ಮೇಲೆ ಉಸಿರು. ಶ್ರುತಿ ಏರಿಸಿ ಕಿರುಚಿ ಜನರನ್ನು ಎಬ್ಬಿಸುವ ಸುಲಭದ ದಾರಿಯನ್ನು ಅವರು ಹಿಡಿಯುವುದಿಲ್ಲ. ನಡುಸ್ಥಾಯಿಯಲ್ಲೇ, ಸ್ವಲ್ಪ ಗೊಗ್ಗರು ದನಿಯಲ್ಲಿ, ಸಣ್ಣ ಸಣ್ಣ ಮಾತುಗಳನ್ನು ತಿರುಗಿಸಿ ಮಡಿಸಿ ಹೇಳುತ್ತ ಹೋಗುತ್ತಾರೆ. ಹಿಂದೆ ಡ್ರಮ್ಮಿನ ಸ್ಯಾಮ್ ವುಡ್‌ಯಾರ್ಡ್, ಬಾಸಿನ ಜಿಮ್ಮಿ ವುಡ್ ಇಬ್ಬರೂ ಒಂದಿಷ್ಟೂ ಅವಸರಿಸುವುದಿಲ್ಲ. ಎಲಿಂಗ್ಟನ್ ಪಿಯಾನೋದಲ್ಲಿ ಎರಡು ಸ್ವರ ಚೆಲ್ಲಿ ಬಿಡುತ್ತಾರೆ, ಮತ್ತೆ ಸುಮ್ಮನಾಗುತ್ತಾರೆ. ಏಳೆಂಟು ಸುತ್ತು ಕಳೆದ ಮೇಲೆ ಜನರ ದನಿ ಬದಲಾಗುವುದು ಕೇಳಿಸುತ್ತದೆ. ಮುಂದಿನ ಸಾಲಿನ ಬಾಕ್ಸ್ ಆಸನವೊಂದರಿಂದ ಕಪ್ಪು ಉಡುಪಿನ ಹೊಂಗೂದಲ ಹೆಂಗಸೊಬ್ಬರು ಎದ್ದು ಕುಣಿಯತೊಡಗಿದ್ದು ಆಗ. ವೇದಿಕೆಯ ಅಂಚಿನಲ್ಲಿ ನಿಂತಿದ್ದ, ಕೌಂಟ್ ಬೇಸಿ ತಂಡದ ಹಳೆಯ ಡ್ರಮ್ಮರ್ ಜೋ ಜೋನ್ಸ್ ಸುರುಳಿ ಸುತ್ತಿದ ವೃತ್ತಪತ್ರಿಕೆಯಿಂದ ಹಲಗೆಗೆ ಬಡಿಯುತ್ತ ತಾಳ ಹಾಕುತ್ತಿದ್ದರು. ಸುಮಾರು ಏಳು ಸಾವಿರ ಜನ ನಿಂತೇಬಿಟ್ಟರು.

ಹಳೆಯ ಮುದ್ರಿಕೆಯಲ್ಲಿ ಈ ಗದ್ದಲವೇ ಮೇಲಾಗಿ ಸ್ಯಾಕ್ಸೋಫೋನು ಅದರಡಿ ಮುಳುಗಿತ್ತು, ಆದ್ದರಿಂದ ಜನ ಕೆರಳಿದ್ದಕ್ಕೆ ಕಾರಣವೇನೆಂದು ತಿಳಿಯುತ್ತಿರಲಿಲ್ಲ. ಈಗ ಕಾರಣ ಮೊದಲು ಕೇಳಿಸುತ್ತದೆ, ಗದ್ದಲ ಆಮೇಲೆ. ಅದಕ್ಕಿಂತ ಮುಖ್ಯವಾದದ್ದು ಎಲಿಂಗ್ಟನ್ ಅವರ ಕೂಗು. ಪಿಯಾನೋ ಬಿಟ್ಟು ಗೊನ್ಸಾಲ್ವೆಸ್‌ರ ಹೆಸರು ಹಿಡಿದು ಅವರು ಹುರಿದುಂಬಿಸುವುದು, ಇನ್ನೊಂದು ಸುತ್ತಿಗೆ ದೂಡುವುದು, ಸಹವಾದಕರು ‘ಹೂಂ, ಆಗಲಿ’ ಎಂಬಂತೆ ದನಿಗೂಡಿಸುವುದು ಸ್ಪಷ್ಟವಾಗಿ ಬಂದಿದೆ. ಸೋಲೋ ಮುಗಿದೊಡನೆ ತಂಡವನ್ನು ಎಬ್ಬಿಸದೆ, ಎಲಿಂಗ್ಟನ್ ತಾವೇ ಎರಡು ಸುತ್ತು ಪಿಯಾನೋ ನುಡಿಸುತ್ತಾರೆ. ಉಕ್ಕಿದ ಹಾಲಿಗೆ ನೀರು ಚಿಮುಕಿಸಿದಂತೆ ಅಲ್ಲಿ ಎಲ್ಲವೂ ಒಂದು ಗಳಿಗೆ ತಗ್ಗುತ್ತದೆ. ಆಮೇಲೆ ‘ಕ್ರೆಶೆಂಡೋ’ ಮೆಲ್ಲಗೆ ಶುರುವಾಗಿ, ಕೊನೆಯಲ್ಲಿ ಕ್ಯಾಟ್ ಆ್ಯಂಡರ್ಸನ್ ಅವರ ಟ್ರಂಪೆಟ್ಟು ಕಿವಿಗೆ ನಿಲುಕದ ಎತ್ತರಕ್ಕೆ ಏರುತ್ತದೆ. ನಾಯಕತ್ವವೆಂದು ನಾನು ಮೇಲೆ ಹೇಳಿದ್ದು ಆ ಎರಡು ಸುತ್ತು ಪಿಯಾನೋವನ್ನು.

ಎರಡನೆಯ ಸಿಡಿಯ ಮೊದಲರ್ಧವನ್ನೂ ಬಿಡಬಾರದು. ಜನ ಇನ್ನೂ ಕೂಗುತ್ತಿರುವಾಗ ಎಲಿಂಗ್ಟನ್ ಹಾಜಸ್ ಅವರನ್ನು ಮುಂದಕ್ಕೆ ಕರೆದು ‘ಐ ಗಾಟ್ ಇಟ್ ಬ್ಯಾಡ್’ ನುಡಿಸಿಸುತ್ತಾರೆ. ಆಲ್ಟೋ ಸ್ಯಾಕ್ಸೋಫೋನೆಂದರೆ ಕದ್ರಿ ಗೋಪಾಲನಾಥರ ಗಮಕಗಳು ನೆನಪಾಗುವ ನಮ್ಮ ಕಿವಿಗೆ ಹಾಜಸ್ ಬೇಗ ಒಗ್ಗುತ್ತಾರೆ; ಒಂದು ಸ್ವರದಿಂದ ಮತ್ತೊಂದಕ್ಕೆ ಅವರು ನಡೆದುಹೋಗುವುದಿಲ್ಲ, ಜಾರಿಹೋಗುತ್ತಾರೆ. ನಿಜವಾದ, ಅಂಟುಹಾಕದ ‘ಜೀಪ್ಸ್ ಬ್ಲೂಸ್’ ಕೂಡ ಇಲ್ಲಿದೆ. ಸ್ಟುಡಿಯೋದ್ದಕ್ಕಿಂತ ಇದು ಒರಟು, ನನಗೆ ಇದೇ ಇಷ್ಟ. ಗಲಭೆಯಾದೀತೆಂಬ ಅಂಜಿಕೆಯಿಂದ ಉತ್ಸವದ ಸಂಘಟಕ ಜಾರ್ಜ್ ವೀನ್ ಕಛೇರಿ ಮುಗಿಸಲು ಅವಸರಪಡಿಸುವುದೂ ಎಲಿಂಗ್ಟನ್ ನಯವಾಗಿ ಒಪ್ಪದೇ ಇರುವುದೂ ಟೇಪಿನಲ್ಲಿ ಸಿಕ್ಕಿದೆ. ಥಟ್ಟನೆ ನಿಲ್ಲಿಸಿದರೆ ಜನ ನಿಜವಾಗಿಯೂ ಕೆರಳುತ್ತಾರೆ, ಮೆಲ್ಲಗೆ ಇಳಿಸಬೇಕು ಎಂಬುದು ಎಲಿಂಗ್ಟನ್ ಅವರಿಗೆ ಗೊತ್ತು. ರೇ ನ್ಯಾನ್ಸ್ ಅವರ ತಮಾಷೆಯ ಹಾಡು, ವುಡ್‌ಯಾರ್ಡ್ ಅವರ ಡ್ರಮ್ಮಿನ ‘ಸ್ಕಿನ್ ಡೀಪ್’, ಕೊನೆಗೆ ‘ಮೂಡ್ ಇಂಡಿಗೋ’ದ ಮೇಲೆ ತಮ್ಮ ಎಂದಿನ ಬೀಳ್ಕೊಡುಗೆಯ ಮಾತು: ನಿಮ್ಮನ್ನು ಹುಚ್ಚರಂತೆ ಪ್ರೀತಿಸುತ್ತೇವೆ ಎಂದು.

ಇನ್ನು ಕೊರತೆಗಳು. ಎರಡು ಯಂತ್ರಗಳು, ಎರಡು ಕಡೆಯ ಮೈಕುಗಳು ಹಿಡಿದದ್ದನ್ನು ಹೊಂದಿಸಿ ಮಾಡಿದ ಸ್ಟೀರಿಯೋ ಇದಾದ್ದರಿಂದ ಹೆಡ್‌ಫೋನಿನಲ್ಲಿ ಕೇಳಿದರೆ ಕೆಲವೆಡೆ ವಾದ್ಯಗಳು ನಿಂತಲ್ಲಿ ನಿಲ್ಲುವುದಿಲ್ಲ. ಟ್ರಂಪೆಟ್, ಟ್ರಾಂಬೋನಿನಂಥ ಬ್ರಾಸ್ ವಾದ್ಯಗಳು ಒಟ್ಟಾಗಿ ಎದ್ದಾಗ ಟೊಳ್ಳುದನಿಯೂ ಸೇರುತ್ತದೆ. ಕೋಣೆಯಲ್ಲಿ ಸ್ಪೀಕರಿಟ್ಟು ಕೇಳಿದಾಗ ಈ ದೋಷ ಬಹುಮಟ್ಟಿಗೆ ಮರೆಯಾಯಿತು. ಜಿಮ್ಮಿ ಗ್ರಿಸಮ್ ಹಾಡಿದ ‘ಡೇ ಇನ್, ಡೇ ಔಟ್’ ಚರಿತ್ರೆಗಾಗಿ ಸೇರಿದೆಯೇ ಹೊರತು ಸಂಗೀತಕ್ಕಾಗಿ ಅಲ್ಲ. ಎರಡನೆಯ ತಟ್ಟೆಯ ಉತ್ತರಾರ್ಧದಲ್ಲಿ ಜುಲೈ 9ರ ಸ್ಟುಡಿಯೋ ಕೆಲಸವನ್ನೆಲ್ಲ ಇಟ್ಟಿದ್ದಾರೆ. ವೇದಿಕೆಯ ಸ್ವೀಟನ್ನೂ ಸ್ಟುಡಿಯೋದ ಸ್ವೀಟನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಅಭ್ಯಾಸಿಗಳಿಗೆ ಹಬ್ಬ. ಉಳಿದವರಿಗೆ ಒಂದು ಸಲ ಸಾಕು. ‘ಮೂಡ್ ಇಂಡಿಗೋ’ ಮುಗಿದ ಮೌನದ ಮೇಲೆ ಮತ್ತೆ ಸ್ಟುಡಿಯೋದ ಪ್ರಕಟಣೆಗಳು ಬಂದು ಬೀಳುವುದಂತೂ ಕಿರಿಕಿರಿ, ಅಲ್ಲಿ ನಾನು ಪ್ರತಿಸಲವೂ ಎದ್ದು ಯಂತ್ರ ನಿಲ್ಲಿಸುತ್ತೇನೆ. ಒಳಗಿನ ಪುಸ್ತಿಕೆಯ ಟಿಪ್ಪಣಿ ಬಹಳ ಉಪಯುಕ್ತ, ಆದರೆ ಅದರ ಅಕ್ಷರ ಓದಲು ನನಗೆ ಕನ್ನಡಕದ ಜೊತೆ ಭೂತಗನ್ನಡಿಯೂ ಬೇಕಾಯಿತು.

ಆ ರಾತ್ರಿಯ ಪರಿಣಾಮ ಕೂಡಲೇ ಕಂಡಿತು. 1956ರ ಆಗಸ್ಟ್ 20ರ ‘ಟೈಮ್’ ವಾರಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್ ಇದ್ದರು. ತಾನು ಹುಟ್ಟಿದ್ದೇ 1956ರ ನ್ಯೂಪೋರ್ಟಿನಲ್ಲಿ ಎಂದು ಆಮೇಲೆ ಹೇಳಿಕೊಳ್ಳುತ್ತಿದ್ದರು. 1963ರಲ್ಲಿ ಅಮೆರಿಕ ಸರ್ಕಾರದ ಸಾಂಸ್ಕೃತಿಕ ಪ್ರವಾಸದಲ್ಲಿ ಈ ತಂಡ ಭಾರತಕ್ಕೂ ಬಂದಿತ್ತು. ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಯಾದಾಗ ಪ್ರವಾಸ ಅರ್ಧಕ್ಕೇ ನಿಂತಿತು. ದೆಹಲಿಯಲ್ಲಿ ಕೇಳಿದ ಮೈನಾ ಹಕ್ಕಿಯೊಂದರ ಕೂಗು ಮಾತ್ರ 1966ರ ಕೊನೆಗೆ ಮುದ್ರಿಸಿದ ‘ಫಾರ್ ಈಸ್ಟ್ ಸ್ವೀಟ್’ನಲ್ಲಿ ಜಿಮ್ಮಿ ಹ್ಯಾಮಿಲ್ಟನ್ ಅವರ ಕ್ಲಾರಿನೆಟ್ಟಾಗಿ ಉಳಿದಿದೆ. 1965ರಲ್ಲಿ ಅಮೆರಿಕದ ಹೆಸರಾಂತ ಪುಲಿಟ್ಜರ್ ಪ್ರಶಸ್ತಿಯ ಸಂಗೀತ ತೀರ್ಪುಗಾರರು ಅವರಿಗೆ ವಿಶೇಷ ಗೌರವ ಸಲ್ಲಬೇಕೆಂದರು, ಮಂಡಳಿ ಒಪ್ಪಲಿಲ್ಲ. ಇಷ್ಟು ಎಳೆಯ ವಯಸ್ಸಿನಲ್ಲಿ ತಾನು ತೀರ ಪ್ರಸಿದ್ಧನಾಗುವುದು ವಿಧಿಗೆ ಇಷ್ಟವಿಲ್ಲ ಎಂದು ಅರವತ್ತಾರು ವರ್ಷದ ಎಲಿಂಗ್ಟನ್ ನಕ್ಕು ಸುಮ್ಮನಾದರು. ಆ ಗೌರವ ಬಂದದ್ದು 1999ರಲ್ಲಿ, ಈ ಸಿಡಿ ಬಂದ ವರ್ಷವೇ. 1974ರ ಮೇ 24ರಂದು ಅವರು ತೀರಿಕೊಂಡಿದ್ದರು. ಹ್ಯಾರಿ ಕಾರ್ನಿ ಅದೇ ಅಕ್ಟೋಬರಿನಲ್ಲಿ ಹೋದರು.

ಜಾಝ್ ಹೊಸದೆನ್ನುವವರು ಮೊದಲ ತಟ್ಟೆಯನ್ನು ರಾತ್ರಿಯ ಹೊತ್ತು, ಮಾತುಗಳನ್ನೂ ಸೇರಿಸಿ, ಮೊದಲಿನಿಂದ ಕೇಳಬೇಕೆಂದು ನನ್ನ ಸೂಚನೆ. ಮೊಬೈಲಿನಲ್ಲಿ ಕೇಳುವವರು ಹಾಡುಗಳನ್ನು ಹಿಂದುಮುಂದು ಮಾಡುವ ‘ಷಫಲ್’ ಗುಂಡಿಯನ್ನು ಬಂದ್ ಮಾಡಿಕೊಳ್ಳುವುದು ಒಳ್ಳೆಯದು. ಎಲ್‌ಪಿ ಇದ್ದವರು ಅದನ್ನು ಮಾರಬೇಕಾಗಿಲ್ಲ, ಅದು 1956ರಲ್ಲಿ ಲೋಕ ಕೇಳಿದ ದಾಖಲೆ. ನಾನಂತೂ ಹಳೆಯ ಕ್ಯಾಸೆಟ್ಟನ್ನು ಎಸೆದಿಲ್ಲ; ಮುಚ್ಚಳ ಮುರಿದ ಡಬ್ಬಿಗೆ ರಬ್ಬರ್ ಬ್ಯಾಂಡ್ ಸುತ್ತಿ ಅದರ ಪಕ್ಕದಲ್ಲೇ ಇಟ್ಟಿದ್ದೇನೆ.